ತಂದೆಯ ಉದ್ಯೋಗ: ಹೋಟೆಲ್

ನಿನ್ನೆ ನವಿ ಮುಂಬಯಿಯ ನೆರೂಳ್ ಸ್ಟೇಷನ್ನಿನ ಹೊರಗೆ ಯಾರೋ ಕಾದ ಕಾವಲಿಗೆ ನೀರು ಚಿಮುಕಿಸಿ ಅರ್ಧ ಈರುಳ್ಳಿಯಿಂದ ಉಜ್ಜಿದರು. ಆ ವಾಸನೆಗೆ ಯಾರಿಗಾದರೂ ಹಸಿವಾಗಬೇಕು. ನನಗೆ ಹಳೆಯ ಮೀಟಿಂಗೊಂದು ನೆನಪಾಯಿತು. ನಗಬೇಡಿ, ಕಾರಣ ಹೇಳುತ್ತೇನೆ.

ಎರಡು ಸಾವಿರದ ದಶಕದ ಮಾತು. ಡೊಂಬಿವಲಿಯಲ್ಲಿ ಕಾಲೇಜು ಓದುತ್ತಿದ್ದೆ. ಠಾಣೆ ಕಡೆಯ ಕನ್ನಡಿಗರ ಮಕ್ಕಳಿಗಾಗಿ ಒಂದು ಸಾರ್ವಜನಿಕ ವಿದ್ಯಾರ್ಥಿವೇತನ ನಿಧಿಯಿತ್ತು. ಅದರ ಹಣದಲ್ಲೇ ಓದುತ್ತಿದ್ದ ನನ್ನನ್ನು ಆಡಳಿತ ಮಂಡಳಿಗೆ ವಿದ್ಯಾರ್ಥಿ ಪ್ರತಿನಿಧಿಯಾಗಿ ಆರಿಸಿದ್ದರು. ಹೆಸರೇನೋ ದೊಡ್ಡದು, ಕುರ್ಚಿ ಮಾತ್ರ ಬಾಗಿಲ ಬಳಿಯ ಪ್ಲಾಸ್ಟಿಕ್ಕಿನದು. ಉಳಿದ ಎಂಟು ಮಂದಿಯೂ ಹಿರಿಯರು. ನನಗೂ ಒಂದು ವೋಟಿತ್ತು. ಅದನ್ನು ಅವರು ಕೇಳುತ್ತಿರಲಿಲ್ಲ, ನಾನು ಕೊಡುತ್ತಿರಲಿಲ್ಲ. ಬಿಸ್ಕತ್ತು ಚೆನ್ನಾಗಿರುತ್ತಿತ್ತು.

ಆ ಶನಿವಾರ ಅಧ್ಯಕ್ಷರು ಅರ್ಜಿಗಳನ್ನು ಓದುತ್ತಿದ್ದರು. "ದಿವಾದ ಸುಜಾತಾ. ತಂದೆಯ ಉದ್ಯೋಗ, ಹೋಟೆಲ್. ಪೇ ಸ್ಲಿಪ್ ಇಲ್ಲ. ಹೋಟೆಲ್ ಇಟ್ಟವರಿಗೆ ಸ್ಕಾಲರ್‌ಶಿಪ್ ಯಾಕ್ರೀ? ರಿಜೆಕ್ಟ್."

ನನ್ನ ಕೈಯ ಬಿಸ್ಕತ್ತು ಚಹಾದೊಳಗೆ ಬಿತ್ತು. ನಮ್ಮ ಕರಾವಳಿಯವರಲ್ಲಿ ಗಲ್ಲಾದಲ್ಲಿ ಕೂತವನದೂ ಹೋಟೆಲ್, ಲೋಟ ತೊಳೆಯುವವನದೂ ಹೋಟೆಲ್. "ಅಪ್ಪನಿಗೆ ಎಂತ ಕೆಲಸ?" "ಹೋಟೆಲ್." ಅಷ್ಟಕ್ಕೇ ಮಾತು ಮುಗಿಯುತ್ತದೆ. ಹದಿನೈದು ದಿನದ ಹಿಂದೆ ಆ ಹುಡುಗಿ ಅರ್ಜಿ ಹಿಡಿದು ನನ್ನ ಹತ್ತಿರವೇ ಬಂದು, ತಂದೆಯ ಉದ್ಯೋಗದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ್ದಳು. "ದೀದಿ, ಇಧರ್ ಕ್ಯಾ ಲಿಖೂಂ? ಪಪ್ಪಾ ತೋ ವೇಟರ್ ಹೈ." "ಹೋಟೆಲ್ ಅಂತ ಬರಿ, ಸಾಕು" ಎಂದ ಮಹಾಬುದ್ಧಿವಂತೆ ನಾನೇ. ಸೋಮವಾರದೊಳಗೆ ಫೀ ಕಟ್ಟದಿದ್ದರೆ ಅವಳ ಇಂಜಿನಿಯರಿಂಗ್ ಸೀಟು ಹೋಗುತ್ತಿತ್ತು.

ಎದ್ದು ನಿಂತೆ. "ಸರ್, ಅವರು ವೇಟರ್."

"ಹಾಗಂತ ಬರ್ದಿಲ್ವಲ್ಲಮ್ಮ?"

"ಬರೀಬೇಡ ಅಂದದ್ದು ನಾನು."

"ಯಾಕೆ?"

ಕಾಲೇಜಿನ ಒಬ್ಬ ಗೆಳತಿಗೂ ಹೇಳದ ಮಾತದು. "ನಮ್ಮಪ್ಪ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ದೋಸೆ ಹಾಕ್ತಾರೆ ಸರ್. ನನ್ನ ಅರ್ಜಿಯಲ್ಲೂ ಹೋಟೆಲ್ ಅಂತಲೇ ಬರ್ದಿದ್ದೆ. ನಾಚಿಕೆಗೆ. ನನ್ನ ವರ್ಷ ನೀವು ಬರೀ ಮಾರ್ಕ್ಸ್ ನೋಡಿದ್ರಿ, ಹಾಗಾಗಿ ಬಚಾವಾದೆ."

"ಸರಿ, ಮುಂದಿನ ವರ್ಷ ನೋಡೋಣ. ಕೂತ್ಕೊ."

"ಕೂರುದಿಲ್ಲ ಸರ್. ವೋಟಿಗೆ ಹಾಕಿ."

ಆಗ ಮಂಡಳಿಯಲ್ಲಿದ್ದ ಹೋಟೆಲ್ ಮಾಲೀಕರೊಬ್ಬರು ಬಾಯಿಬಿಟ್ಟರು: "ಪೇ ಸ್ಲಿಪ್ ಅವ ಎಲ್ಲಿಂದ ತರುದು ಮಾರಾಯ್ರೇ? ನಾನೇ ನಮ್ಮವರಿಗೆ ಕೊಡುದಿಲ್ಲ." ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ಅವರ ಮುಖ ಕೆಂಪಾಯಿತು. ಆದರೂ ಕೈ ಎತ್ತಿದರು. ಪರವಾಗಿ ಐದು, ವಿರುದ್ಧ ನಾಲ್ಕು. ಐದನೆಯ ಕೈ ನನ್ನದು. ಅಂದು ಸುಜಾತಾಳ ಚೆಕ್ಕು ಬರೆಸಿಕೊಂಡೇ ಆಫೀಸಿನಿಂದ ಹೊರಟೆ.

ಮರುದಿನ ಅಪ್ಪನಿಗೆ ರಜೆ. ಪೇಪರು ಹಿಡಿದು ಕೂತಿದ್ದರು. ಮನೆಯಲ್ಲಿ ನಮ್ಮದು ತುಳು, ಕನ್ನಡದಲ್ಲಿ ಹೇಳುತ್ತೇನೆ.

"ಅಪ್ಪ, ನಿನ್ನೆ ಎಲ್ಲರೆದುರು ನೀವು ದೋಸೆ ಹಾಕ್ತೀರಿ ಅಂತ ಹೇಳಿದೆ."

"ಹೌದಲ್ಲ, ಮತ್ತೆ?" ಎಂದರು ಅಪ್ಪ. ಪುಟ ತಿರುವಿದರು. ಆಮೇಲೆ ತಲೆಯೆತ್ತಿ ಕೇಳಿದರು, "ಇಷ್ಟು ದಿನ ಎಂತ ಹೇಳ್ತಿದ್ದೆ?"

ಎಂಟು ಮಂದಿ ಹಿರಿಯರೆದುರು ಬಂದ ಮಾತು ಆ ಒಬ್ಬರೆದುರು ಬರಲಿಲ್ಲ. ಅಪ್ಪನೂ ಮತ್ತೆ ಕೇಳಲಿಲ್ಲ. ಈಗ ಅವರು ನನ್ನ ಜೊತೆಯಲ್ಲೇ ಇದ್ದಾರೆ. ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಿಂದ ಕೆಮ್ಮು ಕೇಳುತ್ತಿದೆ. ಅವರ ಆ ಪ್ರಶ್ನೆಗೆ ಉತ್ತರ ಇಲ್ಲಿ ಬರೆದಾಯಿತು. ಕನ್ನಡಕ ಎಲ್ಲಿಟ್ಟಿದ್ದಾರೋ ಹುಡುಕಿ, ನಿಮಗಿಂತ ಮೊದಲು ಅವರಿಗೆ ಓದಲು ಕೊಡುತ್ತೇನೆ.