ಎರಡು ಜೋಡಿ ವಾಲ್ವು, ಇಬ್ಬರು ಅಳಿಯಂದಿರು

ನನ್ನ ಮಾವನವರು ಮದುವೆಯ ದಿನದಿಂದ ಇವತ್ತಿನವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ಬನ್ನಿ ಅಳಿಯಂದ್ರೆ, ಕೂತ್ಕೊಳಿ, ಕಾಫಿ ತಗೊಳಿ. ಮೊದಮೊದಲು ನನಗೆ ಇದರಲ್ಲಿ ಬಹಳ ಹೆಮ್ಮೆಯಿತ್ತು. ನನ್ನನ್ನು ಬೆಳೆಸಿದ ಅಜ್ಜಿಗೂ ಇತ್ತು. ಬೀಗರ ಮನೆಯಲ್ಲಿ ಮೊಮ್ಮಗನಿಗೆ ಎಂಥ ಮರ್ಯಾದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆರು ವರ್ಷ ಕಳೆದ ಮೇಲೆ ನನ್ನ ಹೆಂಡತಿಯ ತಂಗಿಗೆ ಮದುವೆಯಾಯಿತು. ಗಂಡು ಇಲವಾಲದ ಕಡೆಯವನು, ಬೇಸಾಯದ ಮನೆತನ, ಶ್ರೀರಾಂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಸಂಬಂಧದಲ್ಲಿ ನನಗೆ ಷಡ್ಡಕ. ಮದುವೆಯಾಗಿ ಎರಡು ತಿಂಗಳಾಗಿರಲಿಲ್ಲ, ಒಂದು ದಿನ ನಾನು ಅಲ್ಲೇ ಕೂತಿದ್ದಾಗ ಅವನು ಬಂದ. ಮಾವನವರು ತಲೆಯೆತ್ತಿ, "ಬಾರೋ ಮಗ, ಎಲ್ಲೋಗ್ಬುಟ್ಟಿದ್ದೆ ಇಷ್ಟು ದಿನ" ಎಂದರು.

ಅವತ್ತಿನಿಂದ ಆ ಬಹುವಚನ ನನಗೆ ಕಹಿಯಾಯಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ. ಅದು ತಲೆಯಲ್ಲಿ ಹುಟ್ಟುವುದಲ್ಲ. ಎದೆಯ ಕೆಳಗೆ, ತಿಂದದ್ದು ಇಳಿಯುವ ಜಾಗದಲ್ಲಿ, ಸಣ್ಣಗೆ ಹೊತ್ತಿಕೊಳ್ಳುತ್ತದೆ. ನನಗೆ ಹೊತ್ತಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಹೋದ ವರ್ಷ ರಾಜ್ಯೋತ್ಸವದ ತಿಂಗಳಲ್ಲಿ ಅದು ನನ್ನ ಕೈಯಿಂದ ಒಂದು ಕಳ್ಳಾಟವನ್ನೂ ಆಡಿಸಿತು.

ನಾನು ವಾದ್ಯಗೋಷ್ಠಿಯೊಂದರಲ್ಲಿ ಬೇಸ್ ಗಿಟಾರ್ ನುಡಿಸುವವನು. ಹಾಡುವವರ ಹೆಸರು ಕರಪತ್ರದಲ್ಲಿ ಬರುತ್ತದೆ, ಕೀಬೋರ್ಡಿನವನದ್ದೂ ಒಮ್ಮೊಮ್ಮೆ ಬರುತ್ತದೆ, ಬೇಸ್ ನುಡಿಸುವವನದ್ದು ಬಂದದ್ದು ನಾನು ಕಂಡಿಲ್ಲ. ಬೇಸ್ ನುಡಿಯುತ್ತಿರುವಾಗ ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಎಂದು ಜನ ಕತ್ತು ತಿರುಗಿಸುತ್ತಾರೆ. ನನ್ನ ಆಂಪ್ಲಿಫೈಯರು ಹಳೆಯ ಕಾಲದ್ದು, ಒಳಗೆ ಗಾಜಿನ ಬುರುಡೆಯಂಥ ವಾಲ್ವುಗಳಿರುವಂಥದ್ದು. ಎತ್ತಲು ಇಬ್ಬರು ಬೇಕು. ಈಗಿನ ಹುಡುಗರು ಊಟದ ಡಬ್ಬಿಯಷ್ಟು ಹಗುರದ್ದನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ಪೆಟ್ಟಿಗೆಯನ್ನು ನೋಡಿ ನಗುತ್ತಾರೆ, ನುಡಿಸಿದ ಮೇಲೆ ಹತ್ತಿರ ಬಂದು ಅದರ ಬೆನ್ನು ಬಗ್ಗಿ ನೋಡುತ್ತಾರೆ. ಅಲ್ಲಿ ಎರಡು ದೊಡ್ಡ ವಾಲ್ವುಗಳು ಕುಲುಮೆಯ ಕೆಂಡದ ಹಾಗೆ ಉರಿಯುತ್ತಿರುತ್ತವೆ. ಆ ನೋಟ ನನಗೆ ಇಷ್ಟ.

ಹೋದ ವರ್ಷ ದಸರಾ ಮುಗಿಯುವ ಹೊತ್ತಿಗೆ ಆ ಎರಡು ವಾಲ್ವುಗಳು ಸೋತುಹೋದವು. ಕೆಳಗಿನ ತಂತಿಯನ್ನು ಮೀಟಿದರೆ ಸ್ವರ ಹೊಮ್ಮುವ ಬದಲು ಸೋರಿಹೋದಂತೆ ಕೇಳುತ್ತಿತ್ತು. ನವೆಂಬರ್ ಕೊನೆಯ ಶನಿವಾರ ಶ್ರೀರಾಂಪುರದ ಬಡಾವಣೆಯೊಂದರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಒಪ್ಪಿಕೊಂಡಿದ್ದೆವು. ಮಾವನವರ ಬಳಿ ಹೋದೆ. ಅವರು ವಾಲ್ವ್ ರೇಡಿಯೊಗಳ ಕಾಲದಿಂದ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ವಿದ್ಯಾರಣ್ಯಪುರದ ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಸೀಸ ಕರಗಿದ ವಾಸನೆ ಇರುತ್ತದೆ.

ವಾಲ್ವುಗಳನ್ನು ಜೋಡಿಯಾಗಿಯೇ ಬದಲಾಯಿಸಬೇಕು ಎಂದು ನನಗೆ ಹೇಳಿಕೊಟ್ಟವರು ಅವರೇ. ಮರ ಕೊಯ್ಯುವ ದೊಡ್ಡ ಗರಗಸಕ್ಕೆ ಆಚೆಗೊಬ್ಬ ಈಚೆಗೊಬ್ಬ ನಿಲ್ಲುತ್ತಾರಲ್ಲ, ಹಾಗೆ ಇವೂ. ಒಂದು ದೂಡುವಾಗ ಇನ್ನೊಂದು ಎಳೆಯಬೇಕು, ಇಬ್ಬರ ತೋಳಿನ ಕಸುವೂ ಒಂದೇ ಇರಬೇಕು. ಒಂದೇ ನಂಬರಿನ ಎರಡು ವಾಲ್ವು ತಂದರೂ ಮೀಟರಿಗೆ ಹಚ್ಚಿ ಅಳೆಯದೆ ಅವರು ಹಾಕುವವರಲ್ಲ. ಅದಕ್ಕೆ ಅವರು ಇಟ್ಟುಕೊಂಡ ಹೆಸರು ಸಾಲಾವಳಿ ನೋಡುವುದು. ಹೆಣ್ಣು ಗಂಡಿನ ಜಾತಕ ನೋಡಿದಂತೆಯೇ ಕನ್ನಡಕ ಏರಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು, ಕೂಡಿತು ಅಥವಾ ಕೂಡಲಿಲ್ಲ ಎನ್ನುತ್ತಿದ್ದರು.

ನಾನು ಹೊಸದೊಂದು ಜೋಡಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ವಾರಗಟ್ಟಲೆ ಓದಿ, ಊರೂರಿನ ಬೇಸ್ ನುಡಿಸುವವರನ್ನು ಫೋನಿನಲ್ಲಿ ಕಾಡಿ ಆರಿಸಿದ ಜೋಡಿ. ಕಪ್ಪು ಬುಡ, ತೆಳ್ಳನೆಯ ಗಾಜು. ಅದನ್ನು ಹಿಡಿದು ಮಾವನ ಮನೆಗೆ ಹೋದರೆ ಮೇಜಿನ ಮೇಲೆ ಆಗಲೇ ಇನ್ನೊಂದು ಜೋಡಿ ಇತ್ತು. ಕಂದು ಬುಡ, ಹೊಟ್ಟೆ ದಪ್ಪಗಿರುವ ಗಾಜು, ನೆತ್ತಿಯಲ್ಲಿ ಬೆಳ್ಳಿ ಬಳಿದಂಥ ಹೊಳಪು. ನನ್ನ ಷಡ್ಡಕ ಹುಣಸೂರು ರಸ್ತೆಯ ಗುಜರಿಯೊಂದರಲ್ಲಿ ಹಳೆಯ ಸಿನಿಮಾ ಟೆಂಟಿನ ಆಂಪ್ಲಿಫೈಯರು ಬಿದ್ದಿದ್ದನ್ನು ನೋಡಿ, ಅದರ ಹೊಟ್ಟೆಯಿಂದ ಬಿಡಿಸಿಕೊಂಡು ಬಂದಿದ್ದನಂತೆ. ಅಣ್ಣನಿಗೆ ಬೇಕಾಗುತ್ತೆ ಎಂದು. ನನ್ನನ್ನು ಅವನು ಅಣ್ಣ ಎಂದು ಕರೆಯುತ್ತಾನೆ, ಅದೂ ಬಾಯಿ ತುಂಬ.

ಮಾವನವರ ಮುಖ ನೋಡಬೇಕಿತ್ತು. ನೆತ್ತಿಯ ಬೆಳ್ಳಿ ಹಾಲಿನ ಹಾಗೆ ಬಿಳಿಚಿದ್ದರೆ ಒಳಗೆ ಗಾಳಿ ಹೊಕ್ಕು ಸತ್ತಿದೆ ಎಂದರ್ಥ, ಇದು ನೋಡಿ ಕನ್ನಡಿಯ ಹಾಗಿದೆ ಎಂದು ನನಗೆ ಎರಡೆರಡು ಸಲ ತೋರಿಸಿದರು. ಸಾಲಾವಳಿ ಹೀಗೆ ಕೂಡಿದ್ದನ್ನು ಇತ್ತೀಚೆಗೆ ಕಂಡೇ ಇಲ್ಲವಂತೆ. ನನ್ನ ಜೋಡಿಯನ್ನೂ ಅಳೆದರು. ಪರವಾಗಿಲ್ಲ, ಕೂಡಿತು ಎಂದರು. ಆ ಪರವಾಗಿಲ್ಲ ಎಂಬ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಬಂದು ಹೆಂಡತಿಯ ಮುಂದೆ ಇಳಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. ಅವನು ವಾರಕ್ಕೆರಡು ಸಲ ಅಪ್ಪನ ಹತ್ತಿರ ಹೋಗಿ ಕೂರುತ್ತಾನೆ, ನೀವು ಏನಾದರೂ ಕೆಟ್ಟಾಗ ಮಾತ್ರ ಹೋಗುತ್ತೀರಿ ಎಂದಳು.

ಯಾವ ಜೋಡಿ ಹಾಕುವುದೆಂದು ಗೊತ್ತುಮಾಡಲು ಕಾರ್ಯಕ್ರಮಕ್ಕೆ ಆರು ದಿನ ಮುಂಚೆ, ಭಾನುವಾರ ಬೆಳಗ್ಗೆ, ಮಾವನ ಮನೆಯ ಹಜಾರದಲ್ಲಿ ಸೇರಿದೆವು. ಯಾವುದು ಯಾರ ಜೋಡಿ ಎಂದು ನಮ್ಮಿಬ್ಬರಿಗೂ ತಿಳಿಯಬಾರದು ಎಂದು ಮಾವನವರು ಕಟ್ಟಪ್ಪಣೆ ಮಾಡಿದರು. ನಾನು ಆಂಪ್ಲಿಫೈಯರಿಗೆ ಬೆನ್ನು ಹಾಕಿ ಕೂತು ನುಡಿಸಬೇಕು. ಅವನು ಹೊರಗೆ ಜಗಲಿಯಲ್ಲಿ ಕೂತು ಕೇಳಿ ಹೇಳಬೇಕು.

"ನಾನೇ ಕೇಳಿ ಹೇಳಿದ್ರೆ ಆಗಲ್ವಾ ಮಾವ?" ಎಂದೆ.

"ನುಡಿಸೋರಿಗೆ ಅವರ ಬೆರಳೇ ಕೇಳ್ಸೋದು ಕಣ್ರೀ, ಪೆಟ್ಟಿಗೆ ಕೇಳ್ಸಲ್ಲ. ಅವನ ಕಿವಿ ಚೆನ್ನಾಗಿದೆ, ಅವನು ಕೇಳ್ಲಿ."

ಅವನ ಕಿವಿಯ ಸಂಗತಿ ನನಗೂ ಗೊತ್ತಿತ್ತು. ಓಡುತ್ತಿರುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಹಿಂದಿನ ಬೇರಿಂಗು ಇನ್ನು ಹದಿನೈದು ದಿನ ಎಂದು ಹೇಳುತ್ತಾನೆ, ಹಾಗೆಯೇ ಆಗುತ್ತದೆ. ಆದರೆ ಅವು ನೀರೆತ್ತುವ ಮೋಟಾರುಗಳು. ಮೂವತ್ತು ವರ್ಷ ತಂತಿಯ ಮೇಲೆ ಬೆರಳು ಸವೆಸಿದವನು ನಾನು. ನನ್ನ ವಾದ್ಯದ ಸ್ವರಕ್ಕೆ ಬೋರ್‌ವೆಲ್ಲಿನವನು ಸಾಕ್ಷಿ ಹೇಳಬೇಕೆಂದರೆ ಮೈಯೆಲ್ಲ ಉರಿದುಹೋಯಿತು.

ಮಾವನವರು ಮೊದಲ ಜೋಡಿ ಹಾಕಿದರು. ಒಳಗೆ ಕೈಯಿಡುವಾಗ ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಅವರ ಕಾಲದ ರೇಡಿಯೊದವರ ಪದ್ಧತಿ, ಕರೆಂಟು ಎದೆ ಹಾದು ಹೋಗದಿರಲಿ ಎಂದು. ಉಟ್ಟಿದ್ದು ಪಂಚೆಯಾದ್ದರಿಂದ ಎಡಗೈಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಅವರ ಕಿವಿ ಈಗ ಮಂದ. ಹಾಗಾಗಿ ಕೆಲಸ ಮುಗಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು, ಹೂಂ ಎಂದರು.

ನನ್ನೆದುರಿಗೆ ಮನೆಯ ಷೋಕೇಸಿತ್ತು. ಗೊಂಬೆಗಳು, ಮೊಮ್ಮಕ್ಕಳು ಆಟದಲ್ಲಿ ಗೆದ್ದ ಕಪ್ಪುಗಳು, ಮುಂದೆ ಗಾಜು. ಆ ಗಾಜಿನಲ್ಲಿ ನನ್ನ ಬೆನ್ನ ಹಿಂದಿನದೆಲ್ಲ ಕಾಣುತ್ತಿತ್ತು. ತೆಳ್ಳನೆಯ ಗಾಜು, ಕಪ್ಪು ಬುಡ. ನನ್ನದೇ ಜೋಡಿ.

ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮಾವ, ಇಲ್ಲಿ ಕಾಣುತ್ತೆ ಎನ್ನಬಹುದಿತ್ತು. ನಾನು ಎರಡನ್ನೂ ಮಾಡದೆ ನುಡಿಸಿದೆ. ವರ್ಷಗಟ್ಟಲೆಯಿಂದ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ ಎಂದು ಈಗಲೂ ಅನಿಸುತ್ತದೆ. ಒಂದೊಂದು ಸ್ವರವನ್ನೂ ಬೆರಳ ತುದಿಯ ಮಾಂಸದಿಂದ ಹಿಡಿದು, ತುಂಬಿ, ಇಳಿಸಿದೆ. ಆಮೇಲೆ ವಾಲ್ವುಗಳು ಆರಲು ಬಿಟ್ಟು, ಮಾವನವರು ಬಟ್ಟೆಯಲ್ಲಿ ಹಿಡಿದು ಕಿತ್ತು, ಎರಡನೆಯ ಜೋಡಿ ಹಾಕಿದರು. ಗಾಜಿನಲ್ಲಿ ಕಂದು ಬುಡ ಕಂಡಿತು. ಅದೇ ಹಾಡು, ಅದೇ ಲಯ. ಬೆರಳನ್ನು ಮಾತ್ರ ತಂತಿಯ ಹಿಂತುದಿಗೆ ಸರಿಸಿ, ಉಗುರು ತಾಗಿಸಿ, ಪ್ರತಿ ಸ್ವರವನ್ನೂ ಅರ್ಧಕ್ಕೇ ಕೈಬಿಡುತ್ತ ಹೋದೆ. ನೋಡುವವರಿಗೆ ತಿಳಿಯುವಂಥದ್ದಲ್ಲ. ಸ್ವರ ಒಣಗಿ ಬಂತು.

ಅವನು ಒಳಗೆ ಬಂದ. ನನ್ನ ಕೈಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ.

"ಮೊದಲ್ನೇದೇ ಇರ್ಲಿ ಮಾವ. ಅದೇ ಚೆನ್ನಾಗದೆ."

ಗೆದ್ದೆ ಎಂದುಕೊಂಡೆ. ನನ್ನ ಜೋಡಿ ಮತ್ತೆ ಒಳಗೆ ಹೋಯಿತು. ಮಾವನವರು ಅವನ ಜೋಡಿಯನ್ನು ಹಳೆಯ ಕಾಲುಚೀಲಕ್ಕೆ ಹಾಕಿ ಬಿಸ್ಕತ್ತಿನ ಡಬ್ಬದಲ್ಲಿಟ್ಟರು. ಆಂಪ್ಲಿಫೈಯರನ್ನು ಇಬ್ಬರೂ ಹಿಡಿದು ಆಟೋಗೆ ಏರಿಸುವಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಅಣ್ಣ, ಎರಡ್ನೇ ಸಲ ಬೆರಳೇನಾರ ನೋಯ್ತಿತ್ತಾ?"

"ಇಲ್ವಲ್ಲ. ಯಾಕೆ?"

"ಏನಿಲ್ಲ. ಅಂಗನ್ನಿಸ್ತು."

ಆಟೋ ಮುಖ್ಯರಸ್ತೆಗೆ ಬರುವ ಮುಂಚೆಯೇ ನನಗೆ ಅರ್ಥವಾಯಿತು. ಅವನಿಗೆ ಕೇಳಿಸಿತ್ತು. ವಾಲ್ವಿನ ಬದಲಾವಣೆಯನ್ನು ಅವನು ಬೇರೆ ಮಾಡಿಕೊಂಡಿದ್ದ, ನನ್ನ ಬೆರಳಿನ ಬದಲಾವಣೆಯನ್ನು ಬೇರೆ ಮಾಡಿಕೊಂಡಿದ್ದ. ಮಾವನವರು ಹೇಳಿದಷ್ಟೇ ಚುರುಕಾಗಿತ್ತು ಆ ಕಿವಿ. ಅಲ್ಲಿಗೇ ನಿಲ್ಲಲಿಲ್ಲ, ಕೇಳಿಸಿಯೂ ನನಗೆ ಬಿಟ್ಟುಕೊಟ್ಟಿದ್ದ.

ಮೂರು ದಿನ ಮನೆಯಲ್ಲಿ ನನ್ನ ಜೋಡಿಯ ಮೇಲೆ ನುಡಿಸಿದೆ. ಸ್ವರ ಚೊಕ್ಕವಾಗಿತ್ತು, ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ತಂತಿ ಮುಟ್ಟಿದಾಗಲೆಲ್ಲ ಇದು ಅವನು ಕೊಟ್ಟದ್ದು ಎನ್ನಿಸುತ್ತಿತ್ತು. ನಾನೇ ಆರಿಸಿ ತರಿಸಿದ ವಾಲ್ವುಗಳು ಅವನ ದಾನವಾಗಿ ನನ್ನ ಮನೆಯಲ್ಲಿ ಉರಿಯುತ್ತಿದ್ದವು. ಕಳ್ಳ ಅನ್ನಿಸಿಕೊಂಡರೂ ಸರಿ, ಇವನ ಒಳ್ಳೆಯತನದ ಕೆಳಗೆ ಕೂರಲಾರೆ ಎಂದು ನಾಲ್ಕನೆಯ ದಿನ ಆಂಪ್ಲಿಫೈಯರು, ಗಿಟಾರ್ ಸಮೇತ ಮತ್ತೆ ಆಟೋ ಹಿಡಿದು ವಿದ್ಯಾರಣ್ಯಪುರಕ್ಕೆ ಹೋದೆ. ಪಶ್ಚಾತ್ತಾಪ ಎಂದರೆ ಸುಳ್ಳಾದೀತು.

ಕಿವಿ ಮಂದವಿರುವವರ ಮುಂದೆ ತಪ್ಪೊಪ್ಪಿಕೊಳ್ಳುವುದು ಎಂಥ ಕಷ್ಟ ಎಂದು ಅವತ್ತು ತಿಳಿಯಿತು. ಮೆಲ್ಲಗೆ ಹೇಳಿದೆ. ಅವರು ಕೈಯನ್ನು ಕಿವಿಗೆ ಹಿಡಿದು ಏನಂದ್ರಿ ಎಂದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ನಾನು ಬೇಕಂತಲೇ ಕೆಟ್ಟದಾಗಿ ನುಡಿಸಿದೆ ಮಾವ ಎಂದು ಕೂಗಿದಾಗ ಪಕ್ಕದ ಮನೆಯಾಕೆ ಒಗೆದ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಇತ್ತ ನೋಡಿದಳು.

"ಗೊತ್ತು ಅಳಿಯಂದ್ರೆ," ಎಂದರು ಮಾವನವರು. "ಅವತ್ತೇ ಗೊತ್ತಾಯ್ತು. ಕಿವಿ ಹೋದ್ರೆ ಅಂಗೈಯೂ ಹೋಯ್ತಾ? ಎರಡ್ನೇ ಸಲ ನೀವು ಮೀಟ್ತಾ ಇರ್ಲಿಲ್ಲ, ಸವರ್ತಾ ಇದ್ರಿ."

"ಮತ್ಯಾಕೆ ಸುಮ್ನಿದ್ರಿ?"

"ಕೇಳ್ಬೇಕು ಅಂತಲೇ ಇದ್ದೆ. ಅವನೇ ಬೇಡ ಅಂದ. ಅಣ್ಣ ಆಸೆಪಟ್ಟು ತರಿಸವ್ರೆ, ಹಾಕ್ಕೊಳ್ಲಿ ಬುಡಿ ಮಾವ ಅಂದ."

ನಾನು ಆಟೋದಲ್ಲಿ ಹೋದ ಮೇಲೆ ಇಬ್ಬರೂ ಹಿಂದಿನ ಕೋಣೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತ ಈ ತೀರ್ಮಾನಕ್ಕೆ ಬಂದಿದ್ದರಂತೆ. ಒಪ್ಪಿಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡು ಬಂದವನಿಗೆ ಆ ಉಪ್ಪಿಟ್ಟಿನ ತಟ್ಟೆಗಳು ಕಣ್ಣ ಮುಂದೆ ಬಂದವು. ನನ್ನ ಗುಟ್ಟನ್ನು ನಡುವೆ ಇಟ್ಟುಕೊಂಡು ಅವರಿಬ್ಬರೂ ಇನ್ನಷ್ಟು ಹತ್ತಿರ ಆಗಿದ್ದರು. ಅದಕ್ಕೆ ಕಟ್ಟಿಗೆ ಒದಗಿಸಿದವನು ನಾನೇ.

"ನಾಲ್ಕು ಮಾತು ಬಯ್ದುಬಿಡಿ ಮಾವ," ಎಂದೆ. ನಿಜವಾಗಿಯೂ ಅದು ಬೇಕಿತ್ತು ನನಗೆ.

ಅವರು ಗಾಬರಿಯಾದವರಂತೆ ನನ್ನನ್ನು ನೋಡಿದರು. "ಛೆ, ನಿಮ್ಮನ್ನ ಹೇಗ್ರೀ ಬಯ್ಯೋದು," ಎಂದು ಬಿಸ್ಕತ್ತಿನ ಡಬ್ಬ ತೆಗೆಯಲು ಎದ್ದರು.

ಕಂದು ಬುಡದ ಜೋಡಿ ಒಳಗೆ ಹೋಯಿತು. ಈ ಸಲ ಬೆನ್ನು ಹಾಕದೆ, ಎದುರಿಗೇ ನಿಂತು ಒಂದು ಸ್ವರ ಮೀಟಿದೆ. ಅದು ಪೆಟ್ಟಿಗೆಯಿಂದ ಹೊರಟು, ನೆಲದಲ್ಲಿ ನಡೆದುಬಂದು, ನನ್ನ ಅಂಗಾಲಿನಿಂದ ಮೇಲೇರಿತು. ನುಡಿದು ಮುಗಿದ ಮೇಲೂ ಹೋಗದೆ ಸ್ವಲ್ಪ ಹೊತ್ತು ಅಲ್ಲೇ ಕೂತಿತ್ತು. ನನ್ನ ಜೋಡಿಯಲ್ಲಿ ಅದಿರಲಿಲ್ಲ. ಅವನು ಇದನ್ನು ಗುಜರಿಯಲ್ಲಿ, ಕರೆಂಟೂ ಇಲ್ಲದೆ, ಗಾಜಿನ ನೆತ್ತಿ ನೋಡಿಯೇ ಆರಿಸಿದ್ದ.

ಶನಿವಾರ ಸಂಜೆ ಶ್ರೀರಾಂಪುರದಲ್ಲಿ ಮೂರನೆಯ ಹಾಡಿಗೇ ಜನ ಕುರ್ಚಿಗಳನ್ನು ಮುಂದೆ ಎಳೆದುಕೊಂಡರು. ನಮ್ಮ ಡ್ರಮ್ಮಿನವನು ಹಾಡಿನ ನಡುವೆಯೇ ನನ್ನತ್ತ ತಿರುಗಿ ಹುಬ್ಬು ಹಾರಿಸಿದ. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಕೀಬೋರ್ಡಿನವನು ಬಗ್ಗಿ, ವಾಲ್ವು ಎಲ್ಲಿ ಸಿಕ್ಕಿತು, ಯಾರು ಆರಿಸಿದ್ದು ಎಂದು ಕೇಳಿದ. ನನ್ನ ಷಡ್ಡಕ ಎಂದು ಹೇಳಲು ಒಂದು ಹಾಡಿನಷ್ಟು ಹೊತ್ತು ಹಿಡಿಯಿತು, ಹೇಳಿದೆ.

ಎರಡನೆಯ ಸಾಲಿನ ಕುರ್ಚಿಗಳಲ್ಲಿ ಅವನೂ ಮಾವನವರೂ ಅಕ್ಕಪಕ್ಕ ಕೂತಿದ್ದರು. ಅವನು ಕಣ್ಣು ಮುಚ್ಚಿಕೊಂಡಿದ್ದ. ಅಷ್ಟು ಜನರ ನಡುವೆ ನಾನು ಅವನೊಬ್ಬನ ಕಿವಿಗೆಂದೇ ನುಡಿಸುತ್ತಿದ್ದೇನೆ ಎಂದು ನನಗೆ ತಿಳಿಯುತ್ತಿತ್ತು, ತಡೆಯಲು ಆಗುತ್ತಿರಲಿಲ್ಲ. ಒಂದು ನಿಧಾನದ ಹಾಡು ಬಂತು, ನಾಲ್ಕು ಸಾಲು ಬೇಸ್ ಒಂದೇ ನಡೆಯುವಂಥದ್ದು. ಇಷ್ಟು ದೊಡ್ಡ ಸ್ವರ ಅವರ ಕಿವಿಗೂ ಮುಟ್ಟಿರಬೇಕು, ಮಾವನವರ ತಲೆ ಅಲ್ಲಾಡಿತು. ಅವರು ಬಲಗೈ ಎತ್ತಿ ತಾಳ ಹಾಕಲು ತೊಡಗಿದರು. ಒಂದು ಪೆಟ್ಟೂ ತಪ್ಪದೆ ನನ್ನ ಬೆರಳಿನ ಜೊತೆಜೊತೆಗೇ ಬೀಳುತ್ತಿತ್ತು ಆ ಕೈ. ಕಣ್ಣು ಕಿರಿದು ಮಾಡಿ ನೋಡಿದೆ. ಬೀಳುತ್ತಿದ್ದದ್ದು ಅವನ ತೊಡೆಯ ಮೇಲೆ.