ಲೂಡ್ವಿಕನ ಆರು ಇನಿಂಗ್ಸ್

ಲೂಡ್ವಿಕ್ ಝಲೋಕಾರ್ ಸ್ಕ್ರೂ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ ಮಾಡಿದವನು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಸರಿ, ಸ್ಕ್ರೂವನ್ನು ಕೆಂಪು ಡಬ್ಬಿಗೆ ಎಸೆದು, ಮಾಡಿದವನ ಮುಖ ಕೂಡ ನೋಡದೆ ಮುಂದಿನದಕ್ಕೆ ಕೈಹಾಕುತ್ತಿದ್ದ. ಇಂಥವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟರೆ ಏನಾಗಬಹುದೆಂದು ಕ್ಲೀವ್‌ಲ್ಯಾಂಡಿನ ಸೇಂಟ್ ಕ್ಲೇರ್ ಬೀದಿಯ ಸ್ಲೊವೇನಿಯನ್ನರು ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಕ್ಷರ ಮುದ್ದಾಗಿದೆ ಎಂದು ಕೊಟ್ಟುಬಿಟ್ಟರು.

ಪುಸ್ತಕ ಬೇಸ್‌ಬಾಲಿನದು. ಪ್ರತಿ ಏಪ್ರಿಲ್‌ನಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ, ಅಲ್ಬೀನಾ ಗೋರ್ಶೆಯ ಬೇಕರಿಯಲ್ಲಿ ಎಂಟು ಜನ ಸೇರಿ ಅಮೆರಿಕನ್ ಲೀಗಿನಿಂದ ಒಬ್ಬೊಬ್ಬ ಪಿಚರ್‌ನನ್ನು, ಎಂದರೆ ಚೆಂಡೆಸೆಯುವವನನ್ನು, ಆರಿಸಿಕೊಳ್ಳುತ್ತಾರೆ. ಅವರಲ್ಲಿ ಯಾವ ಪಿಚರ್ ಒಂಬತ್ತು ಇನಿಂಗ್ಸಿಗೆ, ಎಂದರೆ ಒಂದು ಪೂರ್ತಿ ಆಟಕ್ಕೆ, ಅತಿ ಕಡಿಮೆ ರನ್ ಕೊಡುತ್ತಾನೋ ಅವನನ್ನು ಆರಿಸಿದವರ ಹೆಸರು ಬೇಕರಿಯ ಗೋಡೆಯ ಹಲಗೆಯ ಮೇಲೆ. ಆದರೆ ಆ ಪಿಚರ್ ನೂರ ಅರವತ್ತೆರಡು ಇನಿಂಗ್ಸ್‌ಗೆ ಕಡಿಮೆ ಎಸೆದಿರಬಾರದು, ಅಷ್ಟನ್ನೂ ಅಮೆರಿಕನ್ ಲೀಗಿನಲ್ಲೇ ಎಸೆದಿರಬೇಕು. ನಡುವೆ ಅವನ ತಂಡ ಅವನನ್ನು ಇನ್ನೊಂದು ದೊಡ್ಡ ಲೀಗಾದ ನ್ಯಾಷನಲ್ ಲೀಗಿಗೆ ಸಾಗಹಾಕಿತೋ, ಆ ದಿನವೇ ಅವನ ಅಂಕಿಯ ಕೆಳಗೆ ಗೆರೆ. ಆಚೆ ಅವನು ಏನು ಪರಾಕ್ರಮ ಮೆರೆದರೂ ಈಚೆಗೆ ಬರುವುದಿಲ್ಲ. ದೊಡ್ಡ ಲೀಗುಗಳೂ ಹೀಗೇ ಲೆಕ್ಕ ಹಾಕುತ್ತವೆ ಎಂದು ಲೂಡ್ವಿಕ್ ಹೇಳಿದ. ನಿಜವಾದ್ದರಿಂದ ಯಾರಿಗೂ ವಾದಿಸಲಾಗಲಿಲ್ಲ.

ಗೆರೆ ಮೊದಲು ಬಿದ್ದದ್ದು ಅಲ್ಬೀನಾಳ ತಲೆಯ ಮೇಲೆ, ೧೯೭೧ರಲ್ಲಿ. ಅವಳ ಪಿಚರ್‌ನನ್ನು ಜುಲೈನಲ್ಲಿ ಆಚೆ ಲೀಗಿಗೆ ಕಳಿಸಿದರು. ಅಲ್ಲಿಯೂ ಅವನು ಚಿಂದಿ ಮಾಡಿದ. ಎರಡೂ ಕಡೆಯದನ್ನು ಕೂಡಿದ್ದರೆ ಅವನೇ ಎಲ್ಲರಿಗಿಂತ ಮೇಲೆ. ಲೂಡ್ವಿಕ್ ಕೂಡಲಿಲ್ಲ.

"ಅದೇ ಮನುಷ್ಯ, ಅದೇ ಕೈ, ಅದೇ ಚೆಂಡು. ವಿಮಾನ ಹತ್ತಿದ ತಕ್ಷಣ ಬೇರೆಯವನಾಗಿಬಿಟ್ನಾ ಲೂಡಿ?" ಎಂದು ಅಲ್ಬೀನಾ ಅವತ್ತು ಕೇಳಿದಳು. ಆಮೇಲೆ ಏಳು ವರ್ಷ ಕೇಳುತ್ತಲೇ ಇದ್ದಳು. ಬ್ರೆಡ್ ಕೊಳ್ಳಲು ಬಂದ ಅಪರಿಚಿತರಿಗೂ ಅವನನ್ನು ಬೆರಳು ಮಾಡಿ ತೋರಿಸಿ ಕಥೆ ಹೇಳುತ್ತಿದ್ದಳು. ಅಕ್ರೋಟದ ಸುರುಳಿ ರೊಟ್ಟಿ ಪೊಟಿಟ್ಸಾ ಕೊಯ್ದಾಗ ಹೂರಣವಿಲ್ಲದ ಒಣ ತುದಿ ಯಾವಾಗಲೂ ಅವನ ತಟ್ಟೆಗೇ. ಅವನು ಬಾಯಿಮುಚ್ಚಿಕೊಂಡು ತಿನ್ನುತ್ತಿದ್ದ. ನೋವಾಗುತ್ತಿರಲಿಲ್ಲ ಎಂದರೆ ಸುಳ್ಳು. ಹಿಟ್ಟಿನ ಕೈಯ, ಗಟ್ಟಿ ದನಿಯ ಆ ಹೆಂಗಸು ತನ್ನನ್ನು ಒಳ್ಳೆಯವನೆಂದುಕೊಳ್ಳಲಿ ಎಂಬ ಆಸೆ ಅವನಿಗೆ ಬಹಳ ಇತ್ತು.

ಅದಕ್ಕಿಂತ ದೊಡ್ಡ ಆಸೆ ಹಲಗೆಯದು. ಹದಿನಾರು ವರ್ಷದ ಹದಿನಾರು ಹೆಸರನ್ನೂ ಅದರ ಮೇಲೆ ಬರೆದವನು ಅವನೇ. ಒಂದು ಸಲವೂ ಅವನದಿಲ್ಲ. ಝಲೋಕಾರ್ ಎಂದು ಬರೆದರೆ ಎಷ್ಟು ಜಾಗ ಹಿಡಿಯುತ್ತದೆಂದು ಯಾರೂ ಇಲ್ಲದಾಗ ಅಳತೆಪಟ್ಟಿ ಹಿಡಿದು ನೋಡಿದ್ದನೂ ಉಂಟು.

೧೯೭೮ರಲ್ಲಿ ಅವನ ಅದೃಷ್ಟ ಕಣ್ಣುಬಿಟ್ಟಿತು. ಅವನ ಪಿಚರ್ ವೇನ್ ಟ್ರೆಡ್‌ಗೋಲ್ಡ್‌ನನ್ನು ಆಗಸ್ಟ್ ಕೊನೆಯಲ್ಲಿ ಆಚೆ ಲೀಗಿಗೆ ಮಾರಿದರು. ಅಷ್ಟರಲ್ಲಿ ಪುಸ್ತಕದಲ್ಲಿ ನೂರ ಅರವತ್ತನಾಲ್ಕು ಇನಿಂಗ್ಸ್ ಆಗಿತ್ತು, ಸರಾಸರಿ ೨.೩೬. ಎರಡನೆಯ ಸ್ಥಾನದಲ್ಲಿ ಅಲ್ಬೀನಾಳ ಡೆಟ್ರಾಯಿಟ್ ಪಿಚರ್, ೨.೫೮. ಟ್ರೆಡ್‌ಗೋಲ್ಡ್ ಅಲ್ಲಿ ಮೊದಲ ಆಟದಲ್ಲಿ ಆರು ಇನಿಂಗ್ಸಿಗೆ ಒಂದೇ ರನ್ ಕೊಟ್ಟ, ಆಮೇಲೆ ಹಿಗ್ಗಾಮುಗ್ಗಾ ಹೊಡೆಸಿಕೊಂಡ. ಲೂಡ್ವಿಕ್ ಆ ಸುದ್ದಿಯನ್ನು ಕಾಫಿಯ ಜೊತೆ ಚಪ್ಪರಿಸಿಕೊಂಡು ಓದುತ್ತಿದ್ದ.

"ಭಲೇ ಲೂಡಿ! ನಿನ್ ಪಿಚರ್‌ನ ಉಪ್ಪಿನಕಾಯಿ ಹಾಕಿ ಇಟ್ಬಿಟ್ಟಿದೀಯ. ಇನ್ನು ಕೆಡೋ ಮಾತೇ ಇಲ್ಲ" ಎಂದ ಕ್ಷೌರಿಕ ಫ್ರಾಂಕ್ ಮ್ಲಾಕರ್.

ಆಟಗಳೆಲ್ಲ ಮುಗಿದವು. ಹಲಗೆಯ ಮೇಲೆ ಬಣ್ಣದಲ್ಲಿ ಹೆಸರು ಬರೆಯುವ ಮುಂಚೆ ಪುಸ್ತಕವನ್ನು ಮೊದಲಿನಿಂದ ತಾಳೆನೋಡುವುದು ಲೂಡ್ವಿಕನ ಪದ್ಧತಿ. ಶನಿವಾರ ಮಧ್ಯಾಹ್ನ ಟ್ರೆಡ್‌ಗೋಲ್ಡ್‌ನ ಮೇ ತಿಂಗಳ ಅಂಕಿಗಳಿಗೆ ಬಂದವನು ಅಲ್ಲೇ ನಿಂತ. ಗಡಿಯಾರದಲ್ಲಿ ಮೂರು ಗಂಟೆ ಹಿಂದಿರುವ ಕ್ಯಾಲಿಫೋರ್ನಿಯಾದ ರಾತ್ರಿಯ ಆಟ ಮುಗಿಯುವಷ್ಟರಲ್ಲಿ ಕ್ಲೀವ್‌ಲ್ಯಾಂಡಿನ ಬೆಳಗಿನ ಪತ್ರಿಕೆ ಅಚ್ಚಾಗಿರುತ್ತದೆ. ಅದಕ್ಕೆ ಅವನು ಅಂಕಿಗಳನ್ನು ಸಂಜೆ ಪತ್ರಿಕೆಯಿಂದ ಬರೆದುಕೊಂಡಿದ್ದ. ಮರುದಿನದ ಬೆಳಗಿನ ಪತ್ರಿಕೆ ಅದೇ ಆಟವನ್ನು ತಡವಾಗಿ ಹಾಕಿತ್ತು. ಅದನ್ನೂ ಬರೆದುಕೊಂಡಿದ್ದ! ಎಂಟು ಇನಿಂಗ್ಸ್, ಒಂದೂ ರನ್ ಇಲ್ಲ, ಎರಡು ಸಲ. ಒಂದನ್ನು ಹೊಡೆದುಹಾಕಿದರೂ ಸರಾಸರಿಯಲ್ಲಿ ಅವನೇ ಮುಂದು. ಆದರೆ ಇನಿಂಗ್ಸ್ ನೂರ ಐವತ್ತಾರು. ಆರು ಕಡಿಮೆ.

"ಯಾರು ನೋಡ್ತಾರೆ ಬಿಡ್ರೀ. ಆ ಪುಸ್ತಕ ನಿಮ್ಮನ್ನ ಬಿಟ್ಟು ಇನ್ಯಾರೂ ಮುಟ್ಟಲ್ಲ" ಎಂದಳು ಹೆಂಡತಿ ರೇಜ್ಕಾ.

"ಅದಕ್ಕೇ ಕಣೇ ಕಷ್ಟ" ಎಂದ ಲೂಡ್ವಿಕ್. ತಟ್ಟೆಯಲ್ಲಿದ್ದ ಸಾಸೇಜ್ ತಣ್ಣಗಾಯಿತು.

ಭಾನುವಾರ ಬೇಕರಿಯಲ್ಲಿ ಅವನು ಎದ್ದುನಿಂತು ತಪ್ಪು ಒಪ್ಪಿಕೊಂಡ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಆರು ತಾನೇ? ಆಚೆ ಲೀಗಿನ ಮೊದಲನೇ ಆಟ ಸೇರಿಸ್ಕೊ. ಸರಿಯಾಗಿ ಆರು, ಒಂದೇ ರನ್. ಆಗಲೂ ನೀನೇ ಗೆಲ್ತೀಯ" ಎಂದ ಫ್ರಾಂಕ್.

"ಆಮೇಲೆ ಹೊಡೆಸಿಕೊಂಡ ಆಟಗಳು?" ಎಂದ ಲೂಡ್ವಿಕ್.

"ಅವನ್ನ ಬಿಡು ಮಾರಾಯ."

"ಬೇಕಾದ್ದು ಬಡಿಸ್ಕೊಂಡು ಬೇಡದ್ದು ಬಿಡೋಕೆ ಇದೇನು ಮದುವೆ ಊಟವೇನಯ್ಯಾ?"

"ಹದಿನಾರು ವರ್ಷ ನಮ್ಮ ಹೆಸರು ಬರೆದಿದೀಯ, ಈ ಸಲ ನಿಂದು ಬರ್ಕೊಳ್ಳೋ" ಎಂದರು ಉಳಿದವರು. ಎಲ್ಲರೂ ಅಲ್ಬೀನಾಳ ಕಡೆ ನೋಡಿದರು. ಅವನು ಸೋತರೆ ಗೆಲ್ಲುವವಳು ಅವಳೇ.

ಅಲ್ಬೀನಾ ಏಪ್ರನ್‌ಗೆ ಕೈ ಒರೆಸಿಕೊಂಡಳು. "ನಂದೇನೂ ತಕರಾರಿಲ್ಲ. ಕೊಡಿ ಅವನಿಗೆ" ಎಂದಳು.

ಬೇಕು ಎಂದು ಲೂಡ್ವಿಕನ ಬಾಯಿಯವರೆಗೆ ಬಂದಿತ್ತು. ಅಷ್ಟು ಬೇಕಾಗಿತ್ತು ಅವನಿಗೆ.

"ನಂಗೆ ಕೂಡೋದಾದ್ರೆ ಎಪ್ಪತ್ತೊಂದರಲ್ಲಿ ನಿಂಗೂ ಕೂಡಬೇಕಿತ್ತು, ಅಲ್ಬೀನಾ. ನಿಂಗೆ ಕೂಡಲಿಲ್ಲ. ನಂಗೂ ಬೇಡ" ಎಂದ.

ಅಲ್ಬೀನಾ ಅವನನ್ನೇ ನೋಡುತ್ತ ನಿಂತಳು. "ಅಯ್ಯೋ ಪಾಪಿ. ನನ್ ಮೇಲಿನ ಹಟಕ್ಕೆ ಹಾಗೆ ಮಾಡಿದೀಯ ಅಂದ್ಕೊಂಡಿದ್ದೆ ಕಣೋ. ನೀನು ನಿಂಗೂ ಹಾಗೇನಾ? ಏಳು ವರ್ಷದಿಂದ ಬಯ್ತಾ ಬಂದೆ, ಇನ್ನು ಯಾವುದಕ್ಕೆ ಬಯ್ಯಲಿ?"

ಲೂಡ್ವಿಕ್ ಕುರ್ಚಿ ಎಳೆದುಕೊಂಡು ಹತ್ತಿ, ೧೯೭೮ ಎಂದು ಬರೆದು, ಅದರ ಮುಂದೆ ಅಲ್ಬೀನಾ ಗೋರ್ಶೆ ಎಂದು ಬರೆಯತೊಡಗಿದ. ಕಣ್ಣು ತುಂಬಿಕೊಂಡದ್ದರಿಂದ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಸೋತದ್ದಕ್ಕೆ ಬಂದ ನೀರೋ, ಅವಳ ಮಾತಿಗೆ ಬಂದದ್ದೋ, ಅವನಿಗೇ ಗೊತ್ತಿರಲಿಲ್ಲ.

ಕೆಳಗಿನಿಂದ ಅಲ್ಬೀನಾ ಕತ್ತು ಓರೆಮಾಡಿ ನೋಡಿದಳು.

"ಸೊಟ್ಟ ಬರೀತಿದೀಯಲ್ಲೋ ಲೂಡಿ!" ಎಂದು ಕೂಗಿದಳು, ಸಂತೋಷದಿಂದ. "ಅಳಿಸಿ ಬರಿ."