ತಿಕೋಟಾ ಬಸ್ಸಿನ ಕಾಶಕ್ಕ

ಕಾಶಕ್ಕನಿಗೆ ಮೆತ್ತಗೆ ಮಾತಾಡಲು ಬರುತ್ತಲೇ ಇರಲಿಲ್ಲ. ವಿಜಯಪುರ–ತಿಕೋಟಾ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಕಂಡಕ್ಟರಾಗಿ ಪಳಗಿದ ಗಂಟಲು ಅದು. ನಿವೃತ್ತಿಯಾದ ಮೇಲೆ ಅಥಣಿ ರಸ್ತೆಯ ನಮ್ಮ ಸಣ್ಣ ಸಂಸ್ಥೆಗೆ ಸ್ವಯಂಸೇವಕರನ್ನು ತಯಾರು ಮಾಡಲು ಬಂದಳು. ಆಕೆ "ಮುಂದ ಸರೀರಿ" ಎಂದರೆ ಪಕ್ಕದ ಕಿರಾಣಿ ಅಂಗಡಿಯ ಗಿರಾಕಿಗಳೂ ಒಂದು ಹೆಜ್ಜೆ ಸರಿಯುತ್ತಿದ್ದರು.

ಪಿಂಚಣಿ, ಔಷಧಿ, ಗಾಲಿಕುರ್ಚಿ, ವಕೀಲರ ನೆರವು – ಯಾರಿಗೆ ಯಾವುದು ಬೇಕೋ ಅದು ಸಿಗುವ ಬಾಗಿಲಿಗೆ ಅವರನ್ನು ಮುಟ್ಟಿಸುವುದು ನಮ್ಮ ಕೆಲಸ. ನಾನು ಬ್ಯಾಂಕಿನಲ್ಲಿದ್ದು ಹೊಸದಾಗಿ ಸೇರಿದ ಸ್ವಯಂಸೇವಕಿ, ಯೋಜನೆಗಳ ಪಟ್ಟಿ ಬಾಯಿಪಾಠವಾಗಿತ್ತು. ಕಾಶಕ್ಕನಿಗೆ ಅದೇ ಸೇರುತ್ತಿರಲಿಲ್ಲ.

"ನೋಡ ತಂಗಿ, ಬಸ್ಸು ಎಲ್ಲಿಗಿ ಹೊಂಟೈತಿ ಅಂತ ಆಮ್ಯಾಲ ಹೇಳುವಂತಿ. ಮೊದ್ಲ ಅವರು ಎಲ್ಲಿಗಿ ಹೊಂಟಾರ ಕೇಳು."

ಒಮ್ಮೆ ತಿಕೋಟಾದ ಕಲ್ಲವ್ವನ ಮನೆಗೆ ನನ್ನನ್ನು ಕರೆದೊಯ್ದಳು. ಕಲ್ಲವ್ವನ ಗಂಡ ಕುರಿ ಕಾಯುತ್ತಿದ್ದವ, ಲಕ್ವಾ ಹೊಡೆದು ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದ. ನಾನು ಪಿಂಚಣಿಯ ಬಗ್ಗೆ ಉಸಿರು ಬಿಡದೆ ಹೇಳಿದೆ. ಕಲ್ಲವ್ವ ಸುಮ್ಮನೆ ತಲೆಯಾಡಿಸಿದಳು. ನನ್ನ ಪ್ರವಚನ ಮುಗಿದ ಮೇಲೆ ಕಾಶಕ್ಕ, ನಿನಗೇನು ಬೇಕವ್ವಾ ಎಂದು ಕೇಳಿದಳು. ಕಲ್ಲವ್ವ ಸೆರಗು ತೀಡಿಕೊಂಡಳು.

"ಮಗಳು ಬಬಲೇಶ್ವರದಾಗ ಹಡದಾಳ್ರಿ. ಬಾಣಂತನಕ್ಕ ಕರಕೊಂಡ ಬರಾಕ ಆಗಲಿಲ್ಲ. ಕೂಸಿನ ಮಾರಿನೂ ನೋಡಿಲ್ರಿ."

ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಮುಂದಿನ ಭಾನುವಾರ ಕಾಶಕ್ಕ ಅವಳನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದಳು. ರೋಗಿಯ ಬಳಿ ನನ್ನನ್ನು ಕೂರಿಸಿದಳು. ಇದೆಂಥ ತರಬೇತಿ ಎಂದು ನಾನು ಗೊಣಗಿದೆ. ಆತ ಮಧ್ಯಾಹ್ನದವರೆಗೂ ಒಂದೇ ಮಾತನ್ನು ತೊದಲುತ್ತಿದ್ದ. ನೀರು ಕೊಟ್ಟೆ, ದಿಂಬು ಸರಿಸಿದೆ, ಅದಲ್ಲ. ಕೊನೆಗೆ ನೆರೆಮನೆಯಾಕೆ ಬಂದು, ಹೊರಗೆ ಹೋಗಬೇಕಂತೆ ಎಂದಳು. ನಾಲ್ಕು ಮಂದಿ ಸೇರಿ ಆತ ಮಲಗಿದ್ದ ಹೊರಸನ್ನು ಬೇವಿನ ನೆರಳಿಗೆ ಹೊತ್ತೊಯ್ದೆವು. ಯಾರದೋ ಕುರಿಹಿಂಡು ಹಾದುಹೋಯಿತು. ಆತ ಗಂಟಲಲ್ಲೇ ಹಿಂಡನ್ನು ಕರೆದ. ಒಂದು ಕುರಿ ತಿರುಗಿ ನೋಡಿತು. ಆತ ನಕ್ಕ.

ಸಂಜೆ ಕಾಶಕ್ಕ ಮರಳಿ ಬಂದು, ಕೂಸು ತನ್ನನ್ನು ನೋಡಿ ಅಳಲಿಲ್ಲವೆಂದು ಓಣಿಗೆಲ್ಲ ಕೇಳುವಂತೆ ಜಂಬ ಕೊಚ್ಚಿದಳು. ಮರುದಿನ ಗಾಲಿಕುರ್ಚಿಯ ಅರ್ಜಿ ಬರೆಯುವಾಗ, ಅದು ಯಾತಕ್ಕೆ ಬೇಕೆಂದು ಮೊದಲ ಸಲ ನನಗೆ ಗೊತ್ತಿತ್ತು. ಕುರ್ಚಿ ತಿಂಗಳೊಪ್ಪತ್ತಿನಲ್ಲಿ ಬಂತು.

ಈ ವರ್ಷ ಕಾಶಕ್ಕ ಹೋಗಿಬಿಟ್ಟಳು. ಹಿಂದಿನ ದಿನವಷ್ಟೇ ಗಾಂಧಿ ಚೌಕದಲ್ಲಿ ಸಿಕ್ಕು, ಹೊಸ ತಂಡದವರು ಬಹಳ ಮಾತಾಡುತ್ತಾರೆಂದು ದೂರಿದ್ದಳು. ಮಣ್ಣು ಮಾಡಿ ಬಂದ ಮೇಲೆ, ಸಿದ್ಧೇಶ್ವರ ಗುಡಿಯ ಹತ್ತಿರದ ಅವಳ ಮನೆಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ. ಕಲ್ಲವ್ವ ಗಂಡನ ಬಳಿ ಮಗಳನ್ನು ಬಿಟ್ಟು, ತಿಕೋಟಾದಿಂದ ಒಬ್ಬಳೇ ಬಂದಿದ್ದಳು. ಹತ್ತಿರ ಬಂದು ನಿಂತವಳಿಗೆ, ಹೊತ್ತಾಯಿತು, ತಿಕೋಟಾ ಬಸ್ಸು ಹೋದೀತು, ಹೊರಡು ಎಂದೆ.

"ಇನ್ನೊಂದು ಬಸ್ಸ ಐತ್ರಿ" ಎಂದು ಅವಳು ನನ್ನ ಪಕ್ಕ ಕೂತಳು.